‘ವಂಚಕ’ ಎಂದು ಕುಟ್ಟುವ ಮೊದಲು

ತಾಲ್ಲೂಕು ಕಚೇರಿಯ ಮೆಟ್ಟಿಲ ಕೆಳಗೆ ಎರಡು ಮೇಜುಗಳಿವೆ. ಎರಡರಲ್ಲೂ ಅರ್ಜಿ ಟೈಪ್ ಮಾಡಿಕೊಡುತ್ತಾರೆ. ಗೋಡೆ ಪಕ್ಕದ ಮೇಜಿನವನು ನೀವು ಹೇಳಿದ್ದನ್ನು ಹೇಳಿದ ಹಾಗೇ ಕುಟ್ಟಿ ಕೊಡುತ್ತಾನೆ. ಪಕ್ಕದ ಮನೆಯವನು ರಾಕ್ಷಸ ಅಂದರೆ ರಾಕ್ಷಸ, ಅವನಿಗೆ ಕೊಂಬಿದೆ ಅಂದರೆ ಕೊಂಬು. ಕಂಬದ ಪಕ್ಕದ ಮೇಜಿನ ಹೆಂಗಸು ಹಾಗಲ್ಲ. ಮೋಸದ ದೂರು ಹೊತ್ತು ಬಂದವರನ್ನು ಮೊದಲು ಕೂರಿಸಿ ಮೂರು ಪ್ರಶ್ನೆ ಕೇಳುತ್ತಾಳೆ. ಸುಳ್ಳನ್ನು ಅವನು ತನ್ನ ಬಾಯಿಂದಲೇ ಹೇಳಿದನೋ, ಜನ ಹೇಳಿದ್ದೋ? ಅದರಿಂದ ಅವನಿಗೆ ಸಿಕ್ಕಿದ್ದೇನು? ನಿಮಗೆ ಹೋದದ್ದೇನು? ಹೀಗಾಗಿ ಇಪ್ಪತ್ತಾರು ವರ್ಷಗಳಿಂದ ಅವಳು ಎಲ್ಲರಿಗೂ ಪ್ರಶ್ನೆಯಕ್ಕ.

ಉತ್ತರ ನೋಡಿಕೊಂಡು ಪದ ಕೊಡುತ್ತಾಳೆ. ಬಾಯಿಚಪಲಕ್ಕೆ ರೈಲು ಬಿಡುವವನು ಅವಳ ಪ್ರಕಾರ ಬರೀ ಬುರುಡೆದಾಸ. ಅವನ ಮೇಲೆ ಅರ್ಜಿ ಯಾಕೆ, ಮನೆಗೆ ಹೋಗಿ ಅನ್ನುತ್ತಾಳೆ. ನಾಲ್ಕು ಜನರ ಮುಂದೆ ಮರ್ಯಾದೆ ಸಿಗಲೆಂದು ಇಲ್ಲದ್ದನ್ನು ಇದೆ ಅನ್ನುವವನು ಸೋಗಲಾಡಿ. ನಂಬಿದವರಿಗೆ ಟೋಪಿ ಹಾಕಿ ಕಾಲು ಕಿತ್ತವನು ಠಕ್ಕ. ವಂಚಕ ಅನ್ನುವ ಪದವನ್ನಂತೂ ವರ್ಷಕ್ಕೆ ನಾಲ್ಕು ಸಲ ಮುಟ್ಟಿದರೆ ಹೆಚ್ಚು. ಅದಕ್ಕೆ ಕಾರಣವಿದೆ. ಕೆಲಸ ಹೊಸದಿದ್ದಾಗ, ತಾನು ಸೈನ್ಯದಲ್ಲಿದ್ದೆ ಎಂದು ಕೊಚ್ಚಿಕೊಳ್ಳುತ್ತಿದ್ದ ಕಾವಲುಗಾರನೊಬ್ಬನ ಮೇಲೆ, ಯಾರೋ ಹೇಳಿದರೆಂದು ಆ ಪದ ಕುಟ್ಟಿಬಿಟ್ಟಿದ್ದಳು. ವಾರದೊಳಗೆ ಅವನ ಕೆಲಸ ಹೋಯಿತು. ಬಸ್ ನಿಲ್ದಾಣದಲ್ಲಿ ಸಮವಸ್ತ್ರವಿಲ್ಲದೆ ನಿಂತಿದ್ದ ಅವನನ್ನು ಕಂಡು ಅವಳು ಅವತ್ತು ಬಸ್ಸು ಹತ್ತದೆ ನಡೆದೇ ಮನೆಗೆ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಟೈಪಾದ ಮಾತಿಗೆ ಮೇಲೊಂದು ಮೊಹರು ಬೇರೆ ಬೀಳುತ್ತದೆ.

ಒಂದು ಬೆಳಿಗ್ಗೆ ಫರ್ನಿಚರ್ ಅಂಗಡಿ ಇಟ್ಟುಕೊಂಡಿರುವ ಒಬ್ಬ ದಪ್ಪ ಮೀಸೆಯವನು ಬುಸುಗುಟ್ಟುತ್ತ ಬಂದು ಕುರ್ಚಿ ಎಳೆದುಕೊಂಡ.

“ಬರೀರಿ ಅಕ್ಕ. ನಕಲಿ ಡಾಕ್ಟ್ರು. ಮಹಾ ವಂಚಕ.”

“ಸಮಾಧಾನ. ಏನಾಯ್ತು, ಅದು ಹೇಳಿ.”

ಆಗಿದ್ದಿಷ್ಟು. ತಾಯಿಯ ಮಂಡಿಯ ಆಪರೇಷನ್ನಿಗೆ ಅವನು ದಿನ ಗೊತ್ತು ಮಾಡಿದ್ದ. ತಾಯಿ ಒಲ್ಲೆ ಎಂದು ಕೂತರು. ಆಸ್ಪತ್ರೆ ಎದುರಿನ ಪಾರ್ಕಿನಲ್ಲಿ ದಿನಾ ಸಿಗುವ ದೊಡ್ಡ ಡಾಕ್ಟರು, ಇನ್ನೊಬ್ಬರಿಗೆ ತೋರಿಸದೆ ಆಪರೇಷನ್ ಮಾಡಿಸಬೇಡಿ ಅಂದಿದ್ದಾರಂತೆ. ಮಗ ಆಸ್ಪತ್ರೆಗೆ ಹೋಗಿ ವಿಚಾರಿಸಿದರೆ ಅಂಥ ಡಾಕ್ಟರೇ ಇಲ್ಲ.

“ನೋಡೋಕೆ ಹೇಗಿದಾನೆ?”

“ಅಮ್ಮ ಹೇಳಿದ್ದು ಇಷ್ಟು. ಬಿಳಿ ಶರ್ಟು, ಜೇಬಲ್ಲಿ ಎರಡು ಪೆನ್ನು, ಎಡಗಿವೀಲಿ ಹತ್ತಿ. ಬಾಯಿ ತೆಗೆದ್ರೆ ‘ಗಾಬರಿ ಬೀಳ್ಬೇಡಿ’ ಅಂತಾನಂತೆ.”

ಪ್ರಶ್ನೆಯಕ್ಕ ಕಾಗದಕ್ಕೆ ಚಾಚಿದ ಕೈ ಹಿಂದಕ್ಕೆ ತೆಗೆದಳು. ಆ ಹತ್ತಿಯನ್ನು ಬೆಳಿಗ್ಗೆ ಅವಳೇ ಹಿಂಜಿ ಕೊಟ್ಟಿದ್ದಳು. ಹಾಲು ಉಕ್ಕಿದರೂ ‘ಗಾಬರಿ ಬೀಳಬೇಡ’ ಅನ್ನುವ ಮನುಷ್ಯ ಅವಳ ಗಂಡ. ಮೂವತ್ತು ವರ್ಷ ಅದೇ ಆಸ್ಪತ್ರೆಯಲ್ಲಿ ಗಾಲಿಕುರ್ಚಿ ತಳ್ಳಿ ನಿವೃತ್ತನಾದವನು, ಈಗ ದಿನಾ ವಾಕಿಂಗ್ ಅಂತ ಹೋಗಿ ಎರಡು ಗಂಟೆ ಬಿಟ್ಟು ಬರುತ್ತಾನೆ. ಹೋದ ತಿಂಗಳು ತರಕಾರಿ ಅಂಗಡಿಯಲ್ಲಿ ಯಾರೋ ಮುದುಕಿ ‘ಏನು ಡಾಕ್ಟ್ರಮ್ಮ, ಚೆನ್ನಾಗಿದೀರಾ’ ಅಂದಾಗ ತಮಾಷೆ ಅಂದುಕೊಂಡಿದ್ದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳ ಪಾಡೂ ಅದೇ ಆಯಿತು. ಅವನು ನನ್ನ ಗಂಡ ಎಂದು ಹೇಳಿ ಎದ್ದುಬಿಡಬಹುದಿತ್ತು. ಎದ್ದರೆ ಇವನು ನೇರ ಗೋಡೆ ಪಕ್ಕದ ಮೇಜಿಗೆ ಹೋಗುತ್ತಾನೆ, ಮಧ್ಯಾಹ್ನದೊಳಗೆ ವಂಚಕ ಅನ್ನುವ ಪದ ಪೊಲೀಸ್ ಠಾಣೆ ಸೇರುತ್ತದೆ. ಪೊಲೀಸರ ಭಯ ಒಂದು ಕಡೆ ಇರಲಿ. ಗಂಡ ನಿಜವಾಗಿ ಹಾಗೆ ಹೇಳಿಕೊಂಡಿದ್ದರೆ? ಮೂವತ್ತು ವರ್ಷ ಬಿಳಿ ಕೋಟಿನವರ ಹಿಂದೆ ‘ದಾರಿ ಬಿಡಿ’ ಎಂದು ಕೂಗಿದವನಿಗೆ ಒಂದು ದಿನ ತಾನೂ ಡಾಕ್ಟರಾಗೋಣ ಅನ್ನಿಸಿದ್ದರೆ? ಊರವರಿಗೆಲ್ಲ ತೂಗಿ ಪದ ಕೊಟ್ಟವಳು ಮನೆಯವನಿಗೆ ಯಾವ ಪದ ಕೊಡಬೇಕು? ಗಂಡನ ವಿಷಯ ಮುಚ್ಚಿಟ್ಟುಕೊಂಡಳು. ಕಾಗದ ಏರಿಸಿ ಮೊದಲ ಪ್ರಶ್ನೆ ಕೇಳಿದಳು.

“ತಾನು ಡಾಕ್ಟ್ರು ಅಂತ ಅವನೇ ಬಾಯಿಬಿಟ್ಟು ಹೇಳಿದ್ನಾ?”

“ಅದು ಅಮ್ಮನಿಗೇ ಗೊತ್ತು.”

“ಅವರನ್ನೇ ಕೇಳ್ಬೇಕಲ್ಲ.”

“ಕಾರಲ್ಲೇ ಇದಾರೆ. ನಾನೂ ಬರ್ತೀನಿ ಅಂತ ಹಟ ಮಾಡಿ ಬಂದ್ರು.”

ಮುದುಕಿ ಕೋಲೂರಿಕೊಂಡು ಬಂದು, ಮಂಡಿ ನೀವಿಕೊಂಡು ಕೂತರು. ಪ್ರಶ್ನೆಯಕ್ಕ ಅದೇ ಪ್ರಶ್ನೆ ಕೇಳಿದಳು.

“ಅಯ್ಯೋ, ಎಲ್ಲಿ ಬಂತು! ಮೊದಲನೇ ದಿನವೇ ಹೇಳಿದ್ರು, ನಾನು ಕುರ್ಚಿ ತಳ್ತಿದ್ದವನಮ್ಮ, ಡಾಕ್ಟ್ರಲ್ಲ ಅಂತ. ಡಾಕ್ಟ್ರು ಅಂದವಳು ನಾನು.”

“ಅಮ್ಮಾ!” ಅಂದ ಮಗ.

“ಏನು ಅಮ್ಮಾ? ಭಯ ಆಗ್ತಿದೆ ಕಣೋ, ಇನ್ನೊಬ್ರಿಗೆ ತೋರಿಸೋಣ ಅಂತ ನಾನೇ ಎರಡು ಸಲ ಹೇಳ್ದೆ. ನೀನು ಫೋನ್ ನೋಡ್ತಾ ಹೂಂ ಅಂದೆ. ಕುರ್ಚಿ ತಳ್ಳೋರು ಹೇಳಿದ್ರು ಅಂದಿದ್ರೆ ನೀನು ನಗ್ತಿದ್ದೆ. ದೊಡ್ಡ ಡಾಕ್ಟ್ರು ಅಂದೆ ನೋಡು, ಆಗ ನಿನ್ನ ಕಿವಿ ನೆಟ್ಟಗಾಯ್ತು.”

“ಇದ್ರಿಂದ ಅವರಿಗೆ ಸಿಕ್ಕಿದ್ದೇನು?” ಪ್ರಶ್ನೆಯಕ್ಕ ಎರಡನೇ ಪ್ರಶ್ನೆ ಕೇಳಿದಳು.

“ನನ್ನ ಮಂಡಿ ಪುರಾಣ. ದಿನಾ ಅರ್ಧ ಗಂಟೆ.”

ಮೂರನೇ ಪ್ರಶ್ನೆ ಬೇಕಾಗಲಿಲ್ಲ. ಮಗ ಇಂಗು ತಿಂದ ಮಂಗನ ಹಾಗೆ ಕೂತಿದ್ದ. ಪ್ರಶ್ನೆಯಕ್ಕನಿಗೆ ಹೋದ ಜೀವ ಬಂದ ಹಾಗಾಯಿತು. ಬರೆಯದ ಕಾಗದವನ್ನು ಯಂತ್ರದಿಂದ ಎಳೆದು ತೆಗೆಯುವಾಗ ಇಡೀ ಮೈ ಹಗುರಾಗಿತ್ತು. ಆದರೂ ಒಂದು ಮುಳ್ಳು ಉಳಿದಿತ್ತು. ಅದನ್ನೂ ಕಿತ್ತುಹಾಕಿದಳು.

“ಒಂದು ಮಾತು. ಅವರು ನನ್ನ ಗಂಡ. ಆಗಲೇ ಹೇಳ್ಬೇಕಿತ್ತು, ಮುಚ್ಚಿಟ್ಟೆ. ಈ ಮೇಜಲ್ಲಿ ಇವತ್ತು ಸೋಗು ಹಾಕಿದ್ದು ನಾನು.”

ಮಗ ಬಾಯಿ ತೆರೆಯುವ ಮೊದಲೇ ಮುದುಕಿ ನಕ್ಕರು. “ಗೊತ್ತು ಕಣಮ್ಮ. ‘ನನ್ನ ಹೆಂಡ್ತಿ ಮೂರು ಪ್ರಶ್ನೆ ಕೇಳದೆ ಒಂದಕ್ಷರ ಕುಟ್ಟಲ್ಲ’ ಅಂತ ಅವರು ದಿನಾ ಹೊಗಳ್ತಿರ್ತಾರೆ. ಇವನು ಅರ್ಜಿ ಬರೆಸ್ತೀನಿ ಅಂತ ಕುಣಿದಾಗ, ಕಂಬದ ಪಕ್ಕದ ಮೇಜಿಗೇ ಹೋಗೋಣ ಅಂದೆ. ಮನೇಲಿ ಹೇಳಿದ್ರೆ ಇವನು ಕೇಳಲ್ಲ. ಇಲ್ಲಿ ಕೂತ ಮೇಲೆ ಕೇಳ್ಲೇಬೇಕಲ್ಲ?”

ಮಗ ಮೀಸೆ ಸವರಿಕೊಂಡ. ಫೋನನ್ನು ಜೇಬಿಗೆ ಹಾಕಿದ. “ಸರಿ. ಇನ್ನೊಬ್ರು ಡಾಕ್ಟ್ರು ಅಂದ್ರೆ, ಯಾರಿಗೆ ತೋರಿಸೋಣ ಅಮ್ಮ?” ಅಂದ.

“ಅದನ್ನ ಕುರ್ಚಿ ತಳ್ಳೋರನ್ನೇ ಕೇಳೋಣ, ಬಾ.”

ಸಂಜೆ ಮನೆಗೆ ಬಂದಾಗ ಗಂಡ ಒಣಗಿದ ಬಟ್ಟೆ ಮಡಚುತ್ತಿದ್ದ. ಅವಳು ನಡೆದದ್ದೆಲ್ಲ ಹೇಳಿದಳು. “ಜನ ಡಾಕ್ಟ್ರೇ ಅಂತಾರಂತಲ್ಲ, ಅಲ್ಲ ಅಂತ ಅಲ್ಲೇ ಹೇಳೋಕೇನು ನಿಮಗೆ?”

“ದಿನಾ ಹೇಳ್ತೀನಿ ಕಣೆ,” ಅಂದ ಅವನು. “ಯಾರೂ ನಂಬಲ್ಲ.”

ಸುಳ್ಳು ಹೇಳಿ ನಂಬಿಸಿದವರಿಗೆ ಇಪ್ಪತ್ತಾರು ವರ್ಷ ಪದ ಹುಡುಕಿಕೊಟ್ಟವಳಿಗೆ, ನಿಜ ಹೇಳಿಯೂ ನಂಬಿಸಲಾಗದ ಈ ಮನುಷ್ಯನಿಗೆ ಒಂದು ಪದವೂ ಹೊಳೆಯಲಿಲ್ಲ. ಅವನು ಮಡಚಿಟ್ಟ ಬಟ್ಟೆಯ ಪಕ್ಕದಲ್ಲೇ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಅವನ ಕಿವಿಯ ಹತ್ತಿ ಬದಲಾಯಿಸಿದಳು.