ಹಸಿದು ಹೋದವನಿಗೊಂದು ಎಲೆ

ನಮ್ಮ ಮನೆಯಲ್ಲಿ ಒಬ್ಬ ರಷ್ಯಾದವನಿದ್ದ. ಎಂದೋ ಸತ್ತುಹೋದ ದೊಡ್ಡ ಲೇಖಕ, ಆದರೆ ಹಿರೇಗುಂಟನೂರಿನ ನಮ್ಮ ಮನೆಯಲ್ಲಿ ಅವನ ಸುದ್ದಿಯಿಲ್ಲದೆ ಊಟ ಮುಗಿಯುತ್ತಿರಲಿಲ್ಲ. ಕರೆತಂದವರು ಅಪ್ಪ. ದುರ್ಗದಿಂದ ಧರ್ಮಪುರಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಅವರು ಹಳೇ ಪುಸ್ತಕಗಳ ರಾಶಿಯೊಂದರಿಂದ ಅವನ ಕಥೆಗಳ ಕನ್ನಡ ಅನುವಾದವನ್ನು ಹೆಕ್ಕಿ ತಂದಿದ್ದರು. ರಟ್ಟು ಕಿತ್ತುಹೋಗಿತ್ತು. ಕೊನೆಯಲ್ಲಿ ಹತ್ತು ಪುಟ ಲೇಖಕನ ಜೀವನದ ಬಗ್ಗೆ ಇತ್ತು. ಅಪ್ಪನಿಗೆ ಕಥೆಗಳಿಗಿಂತ ಆ ಹತ್ತು ಪುಟವೇ ಪ್ರಾಣ.

ಮುದ್ದೆ ಮುರಿಯುತ್ತಾ ಶುರುಮಾಡುತ್ತಿದ್ದರು. ಅವನಿಗೆ ಉದ್ದ ಮೂಗಂತೆ, ತನ್ನ ಮೂಗನ್ನು ತಾನೇ ಆಡಿಕೊಂಡು ಎಲ್ಲರನ್ನೂ ನಗಿಸುತ್ತಿದ್ದನಂತೆ. ಜೇಬಿನ ತುಂಬ ಮಿಠಾಯಿ, ಊಟವಾದ ಮೇಲೂ ಬಾಯಾಡಿಸುತ್ತಲೇ ಇರುತ್ತಿದ್ದನಂತೆ. ಬಡ ಗುಮಾಸ್ತರ ಮೇಲೆ ಅವನು ಬರೆದದ್ದನ್ನು ಓದಿ ಅಪ್ಪ ನಕ್ಕು ನಕ್ಕು ಕೊನೆಗೆ ಕಣ್ಣೊರೆಸಿಕೊಳ್ಳುತ್ತಿದ್ದರು. ಅವ್ವನಿಗೆ ಇದೆಲ್ಲ ತಲೆನೋವು.

“ಸುಮ್ನೆ ಉಣ್ರಿ, ಸಾರು ಆರೋಗ್ತೈತೆ,” ಎನ್ನುತ್ತಿದ್ದಳು.

ಒಂದು ದಿನ ಮಾತ್ರ ಕದಿರು ಹಿಡಿದು ಉಣ್ಣೆ ನೂಲುತ್ತಿದ್ದ ಅವಳ ಕೈ ತಟ್ಟನೆ ನಿಂತಿತು. ಆ ಮನುಷ್ಯ ಬಿಡುವಾದಾಗ ಸೂಜಿ ಹಿಡಿದು ಉಣ್ಣೆ ಹೆಣೆಯುತ್ತಿದ್ದನೆಂದು ಅಪ್ಪ ಹೇಳಿದ್ದರು.

“ಅಷ್ಟು ಓದ್ದೋನು ಉಣ್ಣೆ ಮುಟ್ತಿದ್ನಾ?”

“ಹೂಂ ಕಣೆ. ಕೊರಳಿಗೆ ಸುತ್ಕಳಾದನ್ನ ಅವನೇ ಹೆಣ್ಕಂತಿದ್ದ.”

ನಮ್ಮದು ಕುರಿ ಸಾಕುವ ಮನೆತನ. ಅವ್ವನ ತವರಿನವರು ಕಂಬಳಿ ನೇಯುವವರು. “ಹಂಗಾದ್ರೆ ನಮ್ಮೋನೇ ಬಿಡ್ರಿ,” ಎಂದಳು. ಅಂದಿನಿಂದ ಅವನು ಮನೆಯವನಾದ.

ಅವನ ಸಾವಿನ ವಿಷಯ ಮಾತ್ರ ಅಪ್ಪ ಅವಳಿಗೆ ಹೇಳಲಿಲ್ಲ. ನನಗೊಬ್ಬಳಿಗೇ ಹೇಳಿದ್ದರು. ವರ್ಷಗಟ್ಟಲೆ ಕೂತು ಬರೆದ ಪುಸ್ತಕವನ್ನು ತಾನೇ ಒಲೆಗೆ ಹಾಕಿ ಸುಟ್ಟ, ಆಮೇಲೆ ಅನ್ನ ಬಿಟ್ಟ, ಹಾಸಿಗೆ ಹಿಡಿದು ಕೆಲವೇ ದಿನಕ್ಕೆ ತೀರಿಕೊಂಡ.

“ನಿಮ್ಮವ್ವಂಗೆ ಹೇಳಬ್ಯಾಡ. ಹಸ್ಕಂಡ್ ಸತ್ತ ಅಂದ್ರೆ ಅವಳು ತಡ್ಕಳಲ್ಲ.”

ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ ಅಪ್ಪ ಹೋದರು. ಅವ್ವ ಅಳಲಿಲ್ಲ, ಊಟ ಬಿಟ್ಟಳು. ಮೊದಲು ರಾತ್ರಿಯದು, ಆಮೇಲೆ ಮಧ್ಯಾಹ್ನದ್ದು. ಕೇಳಿದರೆ “ಸೇರಲ್ಲ ಕಣೆ” ಎಂಬುದೊಂದೇ ಉತ್ತರ. ಕೊನೆಗೆ ಅರ್ಧ ಲೋಟ ಮಜ್ಜಿಗೆಗೆ ಬಂದು ನಿಂತಿತು. ದುರ್ಗದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಕಾಯಿಲೆ ಏನೂ ಇಲ್ಲ, ಆದರೆ ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದು ನನ್ನ ಮುಖಕ್ಕೇ ಹೇಳಿದರು. ಕಾಲೇಜಿನಲ್ಲಿ ಪಾಠ ಮಾಡುವಾಗಲೂ ನನಗೆ ಅದೊಂದೇ ಭಯ. ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಅವ್ವ ಇರುತ್ತಾಳೋ ಇಲ್ಲವೋ ಎಂದು ಜೀವ ಹಾರಿಹೋಗುತ್ತಿತ್ತು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆ ವರ್ಷದ ಮಹಾಲಯ ಅಮಾವಾಸ್ಯೆಯ ಹಿಂದಿನ ಸಂಜೆ, ಕಲಸಿಕೊಟ್ಟ ಅನ್ನದ ತಟ್ಟೆಯನ್ನು ಅವಳು ಪಕ್ಕಕ್ಕೆ ಸರಿಸಿದಳು. ತಲೆ ಕೆಟ್ಟುಹೋಯಿತು.

“ನಿನ್ನ ರಷ್ಯಾದೋನು ಹೆಂಗೆ ಸತ್ತ ಗೊತ್ತೇನು? ಹಿಂಗೇ! ಉಣ್ಣದೆ ಸತ್ತ! ನೀನೂ ಸಾಯಿ!”

ಥೂ, ನನ್ನ ನಾಲಿಗೆಗೆ ಬರೆ ಹಾಕಬೇಕಿತ್ತು. ಅವ್ವ ನನ್ನ ಕಡೆ ತಿರುಗಿದಳು.

“ಮನೇಲಿ ಯಾರೂ ಇರ್ಲಿಲ್ವೇನೇ?”

“ಇದ್ರು. ಡಾಕ್ಟ್ರು, ಗೆಳೆಯರು, ಎಲ್ಲಾ ಇದ್ರು. ಯಾರ ಮಾತೂ ಕೇಳ್ಲಿಲ್ಲ.”

“ಅವರವ್ವ?”

“ದೂರದ ಊರಾಗಿದ್ಲು. ಸತ್ ಮೇಲೆ ಗೊತ್ತಾತು ಅವಳಿಗೆ.”

“ಅಯ್ಯೋ ನನ್ನಪ್ಪಾ,” ಎಂದಳು. ಅಪ್ಪ ಹೋದ ಮೇಲೆ ಅವಳ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು. ಆದರೂ ಉಣ್ಣಲಿಲ್ಲ.

ಮಾರನೆಯ ದಿನ ಹಿರಿಯರ ಹಬ್ಬ. ಸತ್ತು ವರ್ಷ ತುಂಬದವರಿಗೆ ನಮ್ಮಲ್ಲಿ ಎಡೆ ಇಡುವುದಿಲ್ಲ, ಹಾಗಾಗಿ ಅಪ್ಪನಿಗೆ ಎಲೆಯಿಲ್ಲ. ಅಜ್ಜ ಅಜ್ಜಿಗೆ ಎರಡು ಎಲೆ ಹಾಕಿದರಾಯಿತೆಂದು ನಾನೆದ್ದರೆ ಅಡುಗೆಮನೆಯಲ್ಲಿ ಸದ್ದು. ಅವ್ವ ಆಗಲೇ ಸ್ನಾನ ಮಾಡಿ, ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದರಲ್ಲಿ ಶೇಂಗಾ ಹುರಿಯುತ್ತಿದ್ದಳು.

“ಅವನಿಗೆ ಸೀ ಅಂದ್ರೆ ಇಷ್ಟ ಅಂತಿದ್ರಲ್ಲ ನಿಮ್ಮಪ್ಪ. ಹೋಳಿಗೆ ಮಾಡಾಣ. ನೀನು ಬೆಲ್ಲ ಕುಟ್ಟು.”

ದೇವರ ಮುಂದೆ ಮೂರು ಬಾಳೆ ಎಲೆ ಬಿದ್ದವು. ಮೂರನೆಯದು ಅವನಿಗೆ. ಅದರ ಪಕ್ಕ ತಾನು ನೂತ ಉಣ್ಣೆಯ ಉಂಡೆಯನ್ನೂ ಇಟ್ಟಳು. “ನಿಮ್ಮಪ್ಪಂಗೆ ಈ ವರ್ಷ ಇಡಂಗಿಲ್ಲ. ಅವರ ಗೆಳೆಯನಾದ್ರೂ ಉಣ್ಲಿ, ಪಾಪ.” ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಇಬ್ಬರೂ ಜಗಲಿಯ ಮೇಲೆ ಕುಂತೆವು. ರಷ್ಯಾದಿಂದ ಹಿರೇಗುಂಟನೂರಿಗೆ ಬರುವವನನ್ನು ನೆನೆದು ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಎಡೆಯಿಟ್ಟದ್ದನ್ನು ಮನೆಯವರೇ ಉಣ್ಣಬೇಕು, ಚೆಲ್ಲುವಂತಿಲ್ಲ. ಬಾಗಿಲು ತೆರೆದ ಮೇಲೆ ಅಜ್ಜ ಅಜ್ಜಿಯ ಎಲೆಗಳನ್ನು ಅವ್ವ ನನ್ನ ಮುಂದೆ ಸರಿಸಿದಳು. ಮೂರನೆಯದರ ಮುಂದೆ ತಾನು ಕುಂತಳು. ಹೋಳಿಗೆಯ ಚೂರು ಮುರಿದು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದಳು. ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ. ನುಂಗಿದಳು.

“ಅವನ ಮುಂದೆ ಅವರವ್ವ ಇರ್ಲಿಲ್ಲ,” ಎಂದಳು. “ನನ್ನ ಮುಂದೆ ನೀನಿದೀಯ.”

ಇನ್ನೊಂದು ಚೂರು ಮುರಿದವಳು ಎಲೆ ನೋಡಿ ಗದರಿದಳು. “ನನ್ ಬಾಯೇನ್ ನೋಡ್ತಾ ಕುಂತೀಯಲೇ? ತುಪ್ಪ ಯಾರು ಹಾಕ್ತಾರೆ?”

ತುಪ್ಪ ತರಲು ಎದ್ದ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಬಾಯಿಗೆ ಸೆರಗು ಒತ್ತಿಕೊಂಡು ಅತ್ತುಬಿಟ್ಟೆ. ತಡವಾಯಿತೆಂದು ಅವ್ವ ಎಲೆಯ ಮುಂದೆ ಕುಂತಲ್ಲಿಂದಲೇ ಮತ್ತೊಮ್ಮೆ ಕೂಗಿದಳು.