‘ಹೊರಗ’ ಅಂದರೆ ಎಲ್ಲಿ

2023ರಲ್ಲಿ ನಾನು ಕೊಪ್ಪಳದಲ್ಲಿದ್ದೆ, ಒಂದು ಖಾಸಗಿ ಬ್ರಾಡ್‌ಬ್ಯಾಂಡ್ ಕಂಪನಿಯ ಜಿಲ್ಲಾ ಕಚೇರಿಯಲ್ಲಿ ನೆಟ್‌ವರ್ಕ್ ಎಂಜಿನಿಯರ್ ಆಗಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿ ಇಂಟರ್‌ನೆಟ್ ನಿಂತರೂ ಬೈಗುಳ ಬಂದು ಬೀಳುತ್ತಿದ್ದುದು ನನ್ನ ಮೇಜಿನ ಮೇಲೆ. ಫೋನಿನಲ್ಲಿ ಹೆಂಗಸಿನ ದನಿ ಕೇಳಿದರೆ ಸಾಹೇಬರಿಗೆ ಕೊಡಿ ಅನ್ನುವವರೇ ಹೆಚ್ಚು. ನಾನೇ ಸಾಹೇಬ ಎಂದು ಹೇಳಿ ಹೇಳಿ ಸಾಕಾಗಿ, ಕೊನೆಗೆ ಹೇಳುವುದನ್ನೇ ಬಿಟ್ಟಿದ್ದೆ.

ಮನೆಗಳಿಂದ ಬರುವ ದೂರುಗಳೆಲ್ಲ ಹೆಚ್ಚುಕಡಿಮೆ ಒಂದೇ ನಮೂನೆಯವು. ನೆಟ್ ನಿಧಾನ, ಇಲಿ ವೈರ್ ಕಡಿದಿದೆ, ಮಂಗ ಜೋತುಬಿದ್ದು ಕೇಬಲ್ ಹರಿದಿದೆ. ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಗಂಗಾವತಿಯಿಂದ ಬಂದ ದೂರು ಮಾತ್ರ ಬೇರೆಯಾಗಿತ್ತು: ಮನೆಯಲ್ಲಿಟ್ಟ ವೆಬ್ ಸರ್ವರ್ ಹೊರಗಿನಿಂದ ತೆರೆಯುತ್ತಿಲ್ಲ. ಸರ್ವರ್ ಅಂದರೆ ನಮ್ಮ ಕಡೆ ಖಾನಾವಳಿಯಲ್ಲಿ ರೊಟ್ಟಿ ತಂದಿಡುವವನು ನೆನಪಾಗುತ್ತಾನೆ. ಇದು ಕಂಪ್ಯೂಟರ್, ಆದರೆ ಕೆಲಸ ಅದೇ. ಯಾರಾದರೂ ಒಂದು ಪುಟ ಕೇಳಿದರೆ ಇಂಟರ್‌ನೆಟ್ ಮೂಲಕ ಅದನ್ನು ತಂದುಕೊಡುವುದು. ಇಂಥದ್ದನ್ನು ಮನೆಯಲ್ಲಿಟ್ಟುಕೊಳ್ಳುವವರು ನಮ್ಮ ಜಿಲ್ಲೆಯಲ್ಲಿ ತೀರ ಅಪರೂಪ.

ಆ ದೂರು ಎರಡು ಸಲ ಮುಚ್ಚಿ ಮೂರನೆಯ ಸಲ ತೆರೆದುಕೊಂಡಿತ್ತು. ಎರಡು ಸಲವೂ ಸಹಾಯವಾಣಿಯವರು ಒಂದೇ ಷರಾ ಹಾಕಿದ್ದರು: ಗ್ರಾಹಕರು ಹೊರಗಿನಿಂದ ತೆರೆದು ನೋಡಿದ್ದಾರೆ, ಸರಿ ಇದೆ. ಸರಿ ಇದ್ದ ಮೇಲೆ ಮತ್ತೆ ಯಾಕೆ ದೂರು ಕೊಡುತ್ತಾರೆ? ಫೋನಿನಲ್ಲಿ ಜಗಳವಾಡುವುದಕ್ಕಿಂತ ಹೋಗಿ ನೋಡುವುದೇ ಮೇಲು ಎಂದು, ಸಿಟ್ಟಿನಲ್ಲೇ ಗಂಗಾವತಿಗೆ ಹೊರಟೆ.

ಮನೆ ರೈಸ್ ಮಿಲ್ಲುಗಳ ಸಾಲಿನ ಹಿಂದಿನ ಓಣಿಯಲ್ಲಿತ್ತು. ಯಜಮಾನ ಹುಲಗಪ್ಪ, ಮೂವತ್ತು ದಾಟಿದ ಆಳು, ಒಂದು ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್. ಮನೆಯಲ್ಲಿ ಅವನ ತಾಯಿ, ಎರಡು ವರ್ಷದ ಮಗಳು ಪವಿ. ಜಂತಿಗೆ ಬಿಗಿದ ಒಂದು ಕ್ಯಾಮೆರಾ ಪಡಸಾಲೆಯತ್ತ ಮುಖ ಮಾಡಿತ್ತು. ಅದರ ವೈರ್ ಹಲಗೆಯ ಮೇಲಿದ್ದ ಹಳೆಯ ಲ್ಯಾಪ್‌ಟಾಪಿಗೆ ಬಂದಿತ್ತು. ಯೂಟ್ಯೂಬ್‌ನಲ್ಲಿ ತೆಲುಗು, ಹಿಂದಿ ವಿಡಿಯೊ ನೋಡಿ ನೋಡಿ ಅವನೇ ಕೂಡಿಸಿದ್ದು. ಪಡಸಾಲೆಯಲ್ಲಿ ನಡೆಯುವುದೆಲ್ಲ ಒಂದು ವೆಬ್ ಪುಟದಲ್ಲಿ ಕಾಣಬೇಕು, ಅಷ್ಟೇ ಅದರ ಉದ್ದೇಶ.

ನೋಡಬೇಕಾದವಳು ಒಬ್ಬಳೇ. ಅವನ ಹೆಂಡತಿ ಶರಣಮ್ಮ, ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ. ರಕ್ತದ ಕ್ಯಾನ್ಸರ್. ಸೋಂಕು ತಗಲಬಾರದೆಂದು ಬೇರೆ ಕೋಣೆಯಲ್ಲಿ ಇಟ್ಟಿದ್ದರು, ಕೂಸನ್ನು ಹತ್ತಿರ ಬಿಡುವಂತಿರಲಿಲ್ಲ. ಜೊತೆಗೆ ಅವಳ ತಮ್ಮ ದೇವಪ್ಪ ಇದ್ದ. ಹುಲಗಪ್ಪ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದ. ಇಷ್ಟೆಲ್ಲ ಮಾಡುವ ಬದಲು ವಿಡಿಯೊ ಕಾಲ್ ಮಾಡಿದರೆ ಆಗುತ್ತಿರಲಿಲ್ಲವೇ ಎಂದು ಕೇಳಿದೆ.

"ಅವ್ವನ ಮಾರಿ ಕಂಡ್ರ ಕೂಸು ಫೋನ್ ಹಿಡಕೊಂಡು ಬಿಡಂಗಿಲ್ರಿ ಅಕ್ಕಾರ, ಸಂಜೀತನಕ ಅಳತೈತಿ. ಇಕಿ ಅಳೂದು ನೋಡಿ ಅಲ್ಲಿ ಅಕೀನೂ ಅಳತಾಳ," ಎಂದ. "ಕೂಸಿಗೆ ಗೊತ್ತಾಗದಂಗ ಅಕಿ ನೋಡಬೇಕ್ರಿ. ಅಷ್ಟ."

ನನ್ನ ಸಿಟ್ಟು ಅಲ್ಲೇ ಇಳಿಯಿತು. ಲ್ಯಾಪ್‌ಟಾಪ್ ತೆರೆದೆ. ಪುಟ ಚೆನ್ನಾಗಿ ಬರುತ್ತಿತ್ತು. ಹೊರಗಿನಿಂದ ಬಂದ ಕೋರಿಕೆಯನ್ನು ಮನೆಯೊಳಗಿನ ಸರಿಯಾದ ಯಂತ್ರಕ್ಕೆ ದಾಟಿಸಲು ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಎಂಬ ಏರ್ಪಾಟು ಮಾಡಬೇಕು. ಅದನ್ನೂ ತಪ್ಪಿಲ್ಲದೆ ಮಾಡಿದ್ದ. ಹಾಗಾದರೆ ತೊಂದರೆ ಎಲ್ಲಿ? ಹೊರಗಿನಿಂದ ನೋಡಿದೆ ಅಂದಿರಲ್ಲ, ಹೇಗೆ ನೋಡಿದಿರಿ, ಒಮ್ಮೆ ತೋರಿಸಿ ಎಂದೆ.

ಹುಲಗಪ್ಪ ಫೋನ್ ಎತ್ತಿಕೊಂಡ. ಚಪ್ಪಲಿ ಮೆಟ್ಟಿದ. ಹೊಸ್ತಿಲು ದಾಟಿ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತ. ಪುಟ ತೆರೆದು ನನ್ನ ಕಡೆ ಹಿಡಿದ.

"ನೋಡ್ರಿ, ಹೊರಗ ಬಂತಲ್ರಿ."

ಬಂದಿತ್ತು. ಫೋನಿನ ಮೂಲೆಯಲ್ಲಿ ಮನೆಯ ವೈಫೈ ಗುರುತು ನಿಚ್ಚಳವಾಗಿತ್ತು.

ಹೊಸ್ತಿಲು ದಾಟಿದರೆ ಹೊರಗ. ನಮ್ಮ ಮಾತಿನಲ್ಲಿ ಆ ಶಬ್ದಕ್ಕೆ ಬೇರೆ ಅರ್ಥವೇ ಇಲ್ಲ. ನಮ್ಮ ಕಸುಬಿನಲ್ಲಿ ಮಾತ್ರ ಹೊರಗೆ ಅಂದರೆ ಮನೆಯ ನೆಟ್‌ವರ್ಕಿನ ಹೊರಗೆ. ವೈಫೈ ಬಿಟ್ಟಿರಬೇಕು, ಬೇರೊಂದು ಸಂಪರ್ಕದಿಂದ ಬರಬೇಕು. ಸಹಾಯವಾಣಿಯ ಹುಡುಗಿ ಎಲ್ಲೋ ಕೂತು ಹೊರಗಿನಿಂದ ಚೆಕ್ ಮಾಡಿ ಸರ್ ಅಂದಿದ್ದಳು. ಇವನು ಎರಡು ಸಲವೂ ನಿಷ್ಠೆಯಿಂದ ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಚೆಕ್ ಮಾಡಿದ್ದ. ಇಬ್ಬರೂ ನಿಜವನ್ನೇ ಹೇಳಿದ್ದರು.

ಹೆಂಡತಿಗೆ ಕಳಿಸಿದ ವಿಳಾಸವನ್ನೂ ತೋರಿಸಿದ. 192.168 ಎಂದು ಶುರುವಾಗುವ ಅಂಕಿಗಳು. ಇವು ಮನೆಯೊಳಗಷ್ಟೇ ನಡೆಯುವ ವಿಳಾಸಗಳು. ಹುಬ್ಬಳ್ಳಿಯಲ್ಲಿರುವವರಿಗೆ ‘ನಡುಮನಿ’ ಎಂದಷ್ಟೇ ವಿಳಾಸ ಬರೆದುಕೊಟ್ಟರೆ ಯಾರ ಮನೆಯ ನಡುಮನಿಗೆ ಹೋಗಬೇಕು? ಇನ್ನೊಂದು ತೊಡಕು ನಮ್ಮದೇ. ಸಾರ್ವಜನಿಕ ವಿಳಾಸಗಳ ಕೊರತೆಯಿಂದ ನಾವು ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂಡಿಸುತ್ತೇವೆ. ಸಿಜಿನ್ಯಾಟ್ ಅನ್ನುತ್ತಾರೆ. ಒಂದೇ ತಲಬಾಗಿಲಿನ ದೊಡ್ಡ ವಠಾರ ಅಂದುಕೊಳ್ಳಿ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನಿಂದ ಬಂದವರಿಗೆ ಯಾವ ಮನೆ ಎಂದು ಗೊತ್ತಾಗುವುದಿಲ್ಲ. ಹುಲಗಪ್ಪನ ಮನೆಗೆ ಅದರದ್ದೇ ಆದ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಸ್ವಂತ ವಿಳಾಸ, ಬೇಕಾಗಿತ್ತು.

ಇದನ್ನೆಲ್ಲ ಕಟ್ಟೆಯ ಮೇಲೆ ಕೂತು ಅವನಿಗೆ ತಿಳಿಸಿ ಹೇಳಿದೆ. ಫೋನಿನಲ್ಲಿದ್ದ ಆ ಅಂಕಿಗಳನ್ನು ಇನ್ನೊಮ್ಮೆ ನೋಡಿದ. ಆಮೇಲೆ ಮೆಲ್ಲಗೆ, "ಅಂದ್ರ ಅಕಿ ಫೋನ್ ಛಲೋನ ಇತ್ತು?" ಎಂದ.

ಆಗ ಉಳಿದ ಕಥೆ ಹೊರಬಿತ್ತು. ಪುಟ ಬರುತ್ತಿಲ್ಲ ಎಂದು ಶರಣಮ್ಮ ಹೇಳಿದಾಗಲೆಲ್ಲ ಇವನು ನಮಗೆ ದೂರು ಕೊಟ್ಟು, ಸಹಾಯವಾಣಿಯವರೂ ಸರಿ ಇದೆ ಎಂದ ಮೇಲೆ ಅವಳಿಗೆ, ನಾನು ಹೊರಗೆ ನೋಡಿದ್ದೇನೆ, ಬರುತ್ತದೆ, ನಿನ್ನ ಫೋನೇ ಕೆಟ್ಟಿದೆ ಎಂದಿದ್ದ. ಅವಳು ತಮ್ಮನ ಫೋನಿನಲ್ಲಿ ನೋಡಿದಳು. ಅಲ್ಲೂ ಬರಲಿಲ್ಲ. ಆಮೇಲೆ ಕೇಳುವುದನ್ನೇ ಬಿಟ್ಟಳು. ದೇವಪ್ಪನ ಹತ್ತಿರ ಮಾತ್ರ ಒಂದು ಮಾತು ಹೇಳಿದ್ದಳಂತೆ: "ಅವರು ನನ್ನ ಮುಂದ ಎಂದೂ ಸುಳ್ಳ ಹೇಳಿದವರಲ್ಲ. ಈಗ ಹೇಳಾಕ ಹತ್ಯಾರಂದ್ರ, ಡಾಕ್ಟರ್ ಏನೋ ಹೇಳಿರಬೇಕು."

ಸಾಯುವವರನ್ನು ಸಮಾಧಾನ ಮಾಡಲು ಹೇಳುವ ಸುಳ್ಳು ಎಂದು ಅವಳು ತಿಳಿದುಬಿಟ್ಟಿದ್ದಳು. ಊಟ ಕಡಿಮೆ ಮಾಡಿದ್ದಳು. ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಡಾಕ್ಟರು ಇನ್ನೂ ಕೈಬಿಟ್ಟಿರಲಿಲ್ಲ, ಹಾಗೇನೂ ಹೇಳಿಯೂ ಇರಲಿಲ್ಲ.

ಈಗಲೇ ಫೋನ್ ಮಾಡಿ ನಡೆದದ್ದು ಹೇಳಿ, ಬೇಕಾದರೆ ನಾನೇ ಮಾತಾಡುತ್ತೇನೆ ಎಂದೆ. ಹುಲಗಪ್ಪ ತಲೆ ಅಲ್ಲಾಡಿಸಿದ.

"ಬ್ಯಾಡ್ರಿ. ಬರ್ತೈತಿ ಬರ್ತೈತಿ ಅಂತ ಹೇಳೀನಿ. ಈಗ ಬರೂದಿಲ್ಲಂತ ಹೆಂಗ ಹೇಳ್ಲಿ? ಹಚ್ಚಿ ತೋರಿಸೇ ಬಿಡೂಣ್ರಿ. ಕೂಸು ಕಂಡ್ರ ಎಲ್ಲಾ ತಿಳಕೊಂತಾಳ."

ನನಗೂ ಅದು ಸರಿಯೆನ್ನಿಸಿತು. ನಮ್ಮ ಕಸುಬಿನ ರೂಢಿಯೇ ಅದು. ಮೊದಲು ರಿಪೇರಿ, ಆಮೇಲೆ ಮಾತು.

ಮನೆಯ ಸಂಪರ್ಕಕ್ಕೆ ಸ್ಟ್ಯಾಟಿಕ್ ಐಪಿ ಕೊಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಅದೇನಿದ್ದರೂ ಕಚೇರಿ, ಕಾರ್ಖಾನೆಗಳಿಗೆ. ಆ ಸಂಜೆಯೆಲ್ಲ ಮುಖ್ಯ ಕಚೇರಿಯವರ ಜೊತೆ ಹೊಡೆದಾಡಿದೆ. ಒಬ್ಬರು ಮೇಲಿನವರನ್ನು ಕೇಳಿ ಎಂದರು, ಮೇಲಿನವರು ನಾಳೆ ನೋಡೋಣ ಎಂದರು. ನನ್ನ ಬಾಯಿ ಎಷ್ಟು ಕೆಟ್ಟದ್ದು ಎಂಬುದು ಅವರಿಗೆಲ್ಲ ಆವತ್ತೇ ಗೊತ್ತಾಗಿದ್ದು. ಮರುದಿನ ಮಧ್ಯಾಹ್ನ ಮಂಜೂರಾಯಿತು. ಮತ್ತೆ ಗಂಗಾವತಿಗೆ ಓಡಿದೆ.

ಹೊಸ ವಿಳಾಸ ಹಾಕಿದೆ. ಕಂಡಕಂಡವರು ಕೂಸನ್ನು ನೋಡಬಾರದೆಂದು ಪುಟಕ್ಕೆ ಪಾಸ್‌ವರ್ಡ್ ಇಡಿಸಿದೆ. ಈ ಸಲ ಪರೀಕ್ಷೆಯಲ್ಲಿ ಎಡವಬಾರದೆಂದು ಕುಷ್ಟಗಿಯಲ್ಲಿದ್ದ ನಮ್ಮ ಟೆಕ್ನಿಷಿಯನ್‌ಗೆ ಫೋನ್ ಮಾಡಿ, ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ತೆರೆಯಲು ಹೇಳಿದೆ. ತೆರೆಯಿತು. ಒಂದು ಕೂಸು ಮೊರ ಹಿಡಿದು ಅಕ್ಕಿ ಕೇರುವ ಆಟ ಆಡುತ್ತಿದೆ, ಅರ್ಧ ಅಕ್ಕಿ ನೆಲಕ್ಕೇ ಚೆಲ್ಲುತ್ತಿದೆ ಎಂದು ಅವನು ನಗುತ್ತ ಹೇಳಿದ. ಹುಲಗಪ್ಪ ಎರಡೂ ಕೈಯಿಂದ ಮುಖ ಒರೆಸಿಕೊಂಡ. ನನಗೆ ಅಷ್ಟು ಸಂತೋಷವಾದದ್ದು ನನ್ನ ನೌಕರಿಯಲ್ಲಿ ಕಡಿಮೆ.

ಅವನು ಹುಬ್ಬಳ್ಳಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. ಎತ್ತಿದವನು ದೇವಪ್ಪ. ಹೊಸ ವಿಳಾಸ ಹೇಳಿ ತೆರೆಯಲು ಹೇಳಿದೆವು.

"ಕಾಣಸ್ತೈತಿ ಮಾಮಾ. ಪವಿ ಕಾಣಸ್ತಾಳ," ಎಂದ ದೇವಪ್ಪ. "ಆದ್ರ ನಾ ಹೊರಗ ಅದೀನಿ. ಜ್ವರ ನೆತ್ತಿಗೇರಿ ಎಚ್ಚರ ತಪ್ಪೇತಂತ ಅಕ್ಕನ್ನ ಈಗ ಐಸಿಯುದಾಗ ಒಯ್ದಾರ. ನಿನಗ ಹಚ್ಚಾಕ ಫೋನ್ ತೆಗದಿದ್ನಿ. ಒಳಗ ಯಾರನ್ನೂ ಬಿಡವಲ್ರು."

ಹುಲಗಪ್ಪ ನಿಂತ ಕಾಲಲ್ಲೇ ಹುಬ್ಬಳ್ಳಿಗೆ ಹೊರಟ. ಶರಣಮ್ಮನಿಗೆ ಮತ್ತೆ ಎಚ್ಚರವಾಗಲಿಲ್ಲ. ಎರಡು ದಿನದ ಮೇಲೆ ತೀರಿಕೊಂಡಳು.

ಮಣ್ಣು ಮುಗಿದು ಕೆಲವು ದಿನ ಕಳೆದಿರಬೇಕು, ಹುಲಗಪ್ಪ ಫೋನ್ ಮಾಡಿದ. ಶರಣಮ್ಮನ ತವರು ಯಲಬುರ್ಗಾ ಕಡೆಯ ಒಂದು ಹಳ್ಳಿ. ಕಡೆಗಾಲದಲ್ಲಿ ಮಗಳಿಗೆ ಸುಳ್ಳು ಹೇಳಿ ಮನಸ್ಸು ಮುರಿದ ಎಂದು ಅಲ್ಲಿ ಎಲ್ಲರೂ ಮುಖ ತಿರುಗಿಸುತ್ತಿದ್ದರು. ನನ್ನ ಮಾತು ಯಾರೂ ನಂಬುತ್ತಿಲ್ಲ, ನೀವೊಮ್ಮೆ ಬಂದು ಹೇಳಿ ಎಂದು ಕೇಳಿಕೊಂಡ. ನೆಟ್‌ವರ್ಕ್ ಎಂಜಿನಿಯರ್ ಇಂಥ ಕೆಲಸಕ್ಕೆ ಹೋಗುವುದು ಯಾವ ನಿಯಮದಲ್ಲೂ ಇಲ್ಲ. ರಜೆ ಹಾಕಿ ಹೋದೆ.

ಶರಣಮ್ಮನ ತಾಯಿ ಈರಮ್ಮ ಗೋಡೆಗೆ ಒರಗಿ ಕೂತಿದ್ದರು. ನಾನು ಎದುರಿಗೆ ಕೂತು, ಐಪಿ ಗೀಪಿ ಏನೂ ಎತ್ತದೆ, ಒಳಗೆ ಹೊರಗೆ ಎಂಬ ಎರಡೇ ಮಾತಿನಲ್ಲಿ ನಡೆದದ್ದನ್ನು ಹೇಳಿದೆ. ನಿಮ್ಮ ಅಳಿಯ ಕಟ್ಟೆಯ ಮೇಲೆ ಕೂತು ನೋಡಿದ್ದು ನಿಜ, ಅವರಿಗೆ ಕಂಡಿದ್ದೂ ನಿಜ, ನಿಮ್ಮ ಮಗಳಿಗೆ ಕಾಣದೇ ಇದ್ದದ್ದೂ ನಿಜ ಎಂದೆ. ಹುಲಗಪ್ಪ ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದ. ಈರಮ್ಮ ಕೊನೆಯತನಕ ಕೇಳಿದರು.

"ತಿಳೀತವ್ವ," ಎಂದರು. "ನನ್ನ ಅಳಿಯಾ ಸುಳ್ಳ ಹೇಳಿಲ್ಲ. ಇದು ನಿಮಗ ಯಾವತ್ತು ಗೊತ್ತಾತು?"

ಅವಳನ್ನು ಐಸಿಯುಗೆ ಒಯ್ದ ಹಿಂದಿನ ದಿನ ಎಂದೆ.

"ಅವತ್ತು ಸಂಜಿಕ ನನ್ನ ಕೂಡ ಫೋನಿನ್ಯಾಗ ಮಾತಾಡಿದ್ಲು. ಮಾತು ಛಂದ ಇತ್ತು. ನನಗ ಹೇಳೂದನ್ನ ಅಕಿಗೆ ಹೇಳೂದಿತ್ತವ್ವ."

ನಾನು ಇಂದಿಗೂ ಇದೇ ಕೆಲಸದಲ್ಲಿದ್ದೇನೆ. ಹೊಸ ಹುಡುಗರಿಗೆ ಕಲಿಸುವಾಗ ಗ್ರಾಹಕರ ಹತ್ತಿರ ‘ಹೊರಗಿನಿಂದ’ ಎಂಬ ಶಬ್ದ ಆಡಬೇಡಿ, ವೈಫೈ ಆರಿಸಿ ನೋಡಿ ಎಂದು ಬಿಡಿಸಿ ಹೇಳಿ ಅನ್ನುತ್ತೇನೆ. ಅದು ಸಣ್ಣ ಪಾಠ. ದೊಡ್ಡದನ್ನು ಕಲಿಸುವುದು ನನಗೆ ಅಷ್ಟು ಸಲೀಸಲ್ಲ. ಕೆಟ್ಟದ್ದು ಎಲ್ಲಿ ಎಂದು ಗೊತ್ತಾದ ಕೂಡಲೇ ಕಾಯುತ್ತಿರುವವರಿಗೆ ಅದನ್ನು ಹೇಳಿಬಿಡಿ, ಸರಿಹೋದ ಮೇಲೆ ಹೇಳೋಣ ಎಂದು ಇಟ್ಟುಕೊಳ್ಳಬೇಡಿ ಅನ್ನುತ್ತೇನೆ. ಯಾಕೆಂದು ಅವರು ಕೇಳುತ್ತಾರೆ. ಪುಟ ತೆರೆಯುವುದಕ್ಕೆ ಸ್ಟ್ಯಾಟಿಕ್ ಐಪಿ ಬೇಕಿತ್ತು. ನಿನ್ನ ಗಂಡ ಸುಳ್ಳು ಹೇಳಿಲ್ಲ ತಾಯಿ ಎಂದು ಹುಬ್ಬಳ್ಳಿಗೆ ಒಂದು ಫೋನ್ ಮಾಡುವುದಕ್ಕೆ ಏನೂ ಬೇಕಿರಲಿಲ್ಲ.