ಮುದ್ದಯ್ಯನ ಮುಂಗೈ ಕೂದಲು

ಮಹಾರಾಜರ ಕಾಲದ ಮಾತು. ಪಿರಿಯಾಪಟ್ಟಣದ ಪಕ್ಕದ ಹಳ್ಳಿಯಲ್ಲಿ ಕ್ಷೌರದ ಮುದ್ದಯ್ಯನ ಕೈ ಬಲು ಹಗುರ. ಅವನು ಗದ್ದ ಹಿಡಿದರೆ ಎಂಥವರೂ ತೂಕಡಿಸಬೇಕು. ಆದರೆ ಮಹರಾಯನಿಗೆ ಕತ್ತಿ ಮಸೆಯುವುದು ಮಾತ್ರ ಬಾರದು. ನಲವತ್ತು ತುಂಬುವವರೆಗೂ ಅಪ್ಪನೇ ಮಸೆದುಕೊಟ್ಟಿದ್ದ. ಅಪ್ಪ ತೀರಿಕೊಂಡ ತಿಂಗಳಿಗೇ ಕತ್ತಿಯೂ ಮೊಂಡಾಯಿತು.

ಒಂದು ಬುಧವಾರ ಪಟೇಲ ಶಿವನಂಜಪ್ಪನವರ ಗದ್ದದಲ್ಲಿ ರಕ್ತ ಬಂತು. "ಇನ್ನೊಂದ್ಸಲ ಹಿಂಗಾದ್ರೆ ಹುಣಸೂರಿಂದ ಬೇರೆಯವ್ನ ಕರುಸ್ತೀನಿ ಕಣ್ಲಾ" ಎಂದರು. ಪಟೇಲರ ಮನೆ ಕೈತಪ್ಪಿದರೆ ಊರಿಗೆ ಊರೇ ಕೈತಪ್ಪಿದಂತೆ. ಸುದ್ದಿ ಹೆಂಡತಿ ಪುಟ್ಟಲಕ್ಷ್ಮಿಯ ಕಿವಿಗೂ ಬಿತ್ತು.

ಮುದ್ದಯ್ಯ ದಿನಾ ಊರ ಕೆಲಸ ಮುಗಿಸಿ ಬಂದು ಗಂಭೀರವಾಗಿ ಕತ್ತಿ ಮಸೆದು, ಉಂಡು ಗೊರಕೆ ಹೊಡೆಯುತ್ತಿದ್ದ. ಮಾರನೆಯ ಮಧ್ಯಾಹ್ನ ಆ ಹೊತ್ತು ನೋಡಿಕೊಂಡು ಪುಟ್ಟಲಕ್ಷ್ಮಿ ಹಿತ್ತಿಲಲ್ಲಿ ಮಸೆಗಲ್ಲಿನ ಮುಂದೆ ಕೂತಳು. ಕುಡುಗೋಲು ಮಸೆಯುವಂತೆ ಕತ್ತಿಯ ಬೆನ್ನೆತ್ತಿ ಗರಗರ ಉಜ್ಜಿದಳು. ಅದರಲ್ಲಿ ಬೆಣ್ಣೆ ಕೊಯ್ಯುವುದೂ ಕಷ್ಟವಾಯಿತು. ಥೂ ನನ್ನ ಬುದ್ಧಿಗಿಷ್ಟು ಎಂದು ತನ್ನನ್ನೇ ಬೈದುಕೊಂಡಳು. ಮಾವ ಮಸೆಯುವಾಗ ಕಲ್ಲಿಗೆ ನೀರು ಹನಿಸುತ್ತಿದ್ದವಳು ಅವಳೇ ಅಲ್ಲವೇ? ಕಣ್ಣು ಮುಚ್ಚಿ ಆ ಸದ್ದು ನೆನೆದಳು. ಅದು ಗರಗರ ಅಲ್ಲ, ಸುಯ್, ಸುಯ್. ಬೆನ್ನೂ ಬಾಯೂ ಒಟ್ಟಿಗೆ ಕಲ್ಲಿಗೆ ಒರಗಬೇಕು, ಮಗುಚುವಾಗ ಬೆನ್ನ ಮೇಲೇ ಹೊರಳಿಸಬೇಕು, ಭಾರ ಹಾಕಬಾರದು. ಆಮೇಲೆ ತೊಗಲಿನ ಪಟ್ಟಿಗೆ ಎಳೆದು ಮುಂಗೈ ಕೂದಲ ಮೇಲೆ ಆಡಿಸಿ ನೋಡಬೇಕು; ಕೂದಲು ಉದುರಿದರೆ ಹದ ಬಂತೆಂದು ಲೆಕ್ಕ.

ದಿನಾ ಹೀಗೆ ಮಸೆದು ಮಸೆದು, ಮಂಗಳವಾರ ಅವಳ ಮುಂಗೈಯ ನಾಲ್ಕು ಕೂದಲು ಉದುರಿದವು. ಬುಧವಾರ ಪಟೇಲರು ಕೂತಲ್ಲೇ ನಿದ್ದೆ ಹೋದರು.

"ಮಸೆಯೋದು ನಮ್ ರಕ್ತದಾಗೇ ಅದೆ ಕಣೇ" ಎಂದು ಮುದ್ದಯ್ಯ ತಿಂಗಳಿಡೀ ಜಂಬ ಕೊಚ್ಚಿದ. "ಹೂಂ, ಮತ್ತೆ" ಎಂದು ಪುಟ್ಟಲಕ್ಷ್ಮಿ ಸೆರಗಿನ ಮರೆಯಲ್ಲಿ ನಕ್ಕಳು. ಹೆಂಗಸಿನ ಕೈಯಲ್ಲಿ ಕೂದಲಾದರೂ ಎಷ್ಟಿದ್ದೀತು? ಅಷ್ಟರಲ್ಲಿ ಅವಳ ಎರಡೂ ಕೈ ಬೋಳಾಗಿದ್ದವು.

ಇನ್ನೊಂದು ಬುಧವಾರ ಅವನು ಸಪ್ಪಗೆ ಬಂದು ಉಣ್ಣಲು ಕೂತ. "ಪಟೇಲ್ರು ನನ್ ಎಡಗೈ ಹಿಡ್ಕೊಂಡು ನೋಡಿದ್ರು. ನಿಮ್ಮಪ್ಪನ್ ಮುಂಗೈ ಯಾವಾಗ್ಲೂ ಬೋಳಾಗಿತ್ತು, ನಿಂದು ಕರಡಿ ಕೈ ಇದ್ದಂಗದೆ, ಕತ್ತಿ ಮಸೆಯೋರು ಯಾರ್ಲಾ ಅಂದ್ರು."

ಅವಳು ಸೆರಗೆಳೆದು ಕೈ ಮುಚ್ಚಿಕೊಂಡಳು. "ನೀವೇನಂದ್ರಿ?"

"ನಾನೇ ಅಂದೆ. ಮತ್ತೆ ಕೂದ್ಲು ಹೆಂಗುಳೀತು ಅಂದ್ರೆ, ನಂಗೇ ತಿಳೀದೆ ಏನನ್ಲಿ?"

ಮುದ್ದೆ ಇಡಲು ಬಗ್ಗಿದಾಗ ಸೆರಗು ಜಾರಿತು. ಮುದ್ದಯ್ಯ ಅವಳ ಕೈ ನೋಡಿದ, ತನ್ನ ಕೈ ನೋಡಿದ. ಮುದ್ದೆ ಮುರಿದು ಉಂಡು ಮುಗಿಸಿದ. ಗಂಡಸಿನ ಮಾನ ಕಳೆದೆಯಲ್ಲ ಎಂದು ಎಲ್ಲಿ ಕಲ್ಲನ್ನು ತನ್ನ ಕೈಗೆ ಸಿಗದಂತೆ ಎತ್ತಿಡುತ್ತಾನೋ ಎಂದು ಅವಳಿಗೆ ಭಯ.

ಕೈ ತೊಳೆದು ಅವನು ಕಲ್ಲು ತಂದು ಅವಳ ಮುಂದಿಟ್ಟ. ತಾನೇ ನೀರು ಹನಿಸಿದ. ಆಮೇಲೆ ಎಡಗೈ ಚಾಚಿದ.

"ಬುಧವಾರದೊಳಗೆ ಇದೂ ಬೋಳಾಗ್ಬೇಕು ಕಣೇ. ಪಟೇಲ್ರು ಮತ್ತೆ ನೋಡ್ತಾರೆ."